ಮೂರೂ ಸಲ ರೋಟಾ ಹನಿ ಹಾಕಿಸಿದ ಮೇಲೂ ಮಗುವಿಗೆ ಭೇದಿ ಆಯ್ತು, ಹಾಗಾದರೆ ಲಸಿಕೆ ಯಾಕೆ?

ಪ್ರಶ್ನೆ: ನಮ್ಮ ಮಗನಿಗೆ ಈಗ 11 ತಿಂಗಳು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಲ್ಲಿ ಮೂರೂ ಸಲ ರೋಟಾ ಹನಿ ಹಾಕಿಸಿದ್ದೇವೆ. ತಾಯಿ ಕಾರ್ಡಿನಲ್ಲಿ ಬರೆದಿದ್ದಾರೆ. ಆದರೂ ಹೋದ ತಿಂಗಳು ವಾಂತಿ-ಭೇದಿ ಆಗಿ ಎರಡು ದಿನ ಆಸ್ಪತ್ರೆಯಲ್ಲಿದ್ದ. ರೋಟಾ ವೈರಸ್ ಇರಬಹುದು ಎಂದರು. ಅಂದರೆ ಲಸಿಕೆ ಕೆಲಸ ಮಾಡಲಿಲ್ಲ ಅಂತಲೇ ಅಲ್ವಾ? ನಮ್ಮ ಅತ್ತೆ ಹಲ್ಲು ಬರುವಾಗ ಇದೆಲ್ಲ ಸಹಜ ಅನ್ನುತ್ತಾರೆ. ಮೊದಲು ತೋರಿಸಿದ ಕ್ಲಿನಿಕ್‌ನಲ್ಲಿ ಆಂಟಿಬಯೋಟಿಕ್ ಸಿರಪ್ ಕೊಟ್ಟರು, ಓಆರ್‌ಎಸ್ ಮಾತೇ ಎತ್ತಲಿಲ್ಲ. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಆ ಸಿರಪ್ ನಿಲ್ಲಿಸಿ ಓಆರ್‌ಎಸ್, ಜಿಂಕ್ ಅಷ್ಟೇ ಕೊಟ್ಟರು. ಯಾವುದು ಸರಿ? ಮುಂದೆ ಇನ್ನೊಂದು ಮಗುವಾದರೆ ಈ ಹನಿ ಹಾಕಿಸಬೇಕೆ?
— ಓದುಗರು, ದಾವಣಗೆರೆ ಜಿಲ್ಲೆ

ಉತ್ತರ:

ಮಗ ಹುಷಾರಾಗಿ ಮನೆಗೆ ಬಂದಿದ್ದಾನೆ, ಅದು ಮೊದಲ ಸಮಾಧಾನ. ಆಸ್ಪತ್ರೆಯ ಮಂಚದ ಪಕ್ಕ ಕೂತವರಿಗೆ ಎರಡು ದಿನ ಎಷ್ಟು ಉದ್ದ ಅನ್ನಿಸುತ್ತದೆ ಎಂದು ನನಗೆ ಗೊತ್ತು. ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಶುರು ಮಾಡಿದಾಗ ನಮ್ಮಲ್ಲಿ ಈ ಹನಿ ಇರಲಿಲ್ಲ. ಚಳಿಗಾಲ ಬಂತೆಂದರೆ ವಾಂತಿ-ಭೇದಿಯ ಮಕ್ಕಳಿಗೆ ಮಂಚ ಸಾಲುತ್ತಿರಲಿಲ್ಲ. ಕಣ್ಣು ಗುಳಿ ಬಿದ್ದು, ಅತ್ತರೂ ಕಣ್ಣೀರು ಬಾರದ ಕೂಸುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ರಾತ್ರಿ ಎರಡಕ್ಕೆ, ಮೂರಕ್ಕೆ ಬರುತ್ತಿದ್ದರು. ಹಾಗಾಗಿ ನಿಮ್ಮ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಕೊಟ್ಟು ಮುಗಿಸಲು ನನಗೆ ಮನಸ್ಸಿಲ್ಲ.

ಮೊದಲನೆಯದು: ನಿಮ್ಮ ಮಗನಿಗೆ ಬಂದದ್ದು ರೋಟಾ ವೈರಸ್ಸೇ ಎಂದು ಹೇಗೆ ಗೊತ್ತು? ಮಲ ಪರೀಕ್ಷೆ ಮಾಡಿಸಿದ್ದರೆ ಮಾತ್ರ ಗೊತ್ತಾಗುತ್ತದೆ. ಸಾಮಾನ್ಯವಾಗಿ ಯಾರೂ ಮಾಡಿಸುವುದಿಲ್ಲ, ಮಾಡಿಸುವ ಅಗತ್ಯವೂ ಇಲ್ಲ. ಏಕೆಂದರೆ ಚಿಕಿತ್ಸೆ ಬದಲಾಗುವುದಿಲ್ಲ. ಮಕ್ಕಳ ಭೇದಿಗೆ ನೋರೋ ವೈರಸ್, ಅಡಿನೋ ವೈರಸ್, ಆಸ್ಟ್ರೋ ವೈರಸ್ ಕಾರಣವಾಗಬಹುದು. ಶಿಗೆಲ್ಲಾ, ಇ-ಕೋಲೈ ಥರದ ಬ್ಯಾಕ್ಟೀರಿಯಾ ಇವೆ. ಕ್ರಿಪ್ಟೋಸ್ಪೋರಿಡಿಯಂ ಎಂಬ ಸೂಕ್ಷ್ಮ ಪರಾವಲಂಬಿ ಜೀವಿಯೂ ಇದೆ. ರೋಟಾ ಹನಿ ತಡೆಯುವುದು ರೋಟಾ ವೈರಸ್ಸನ್ನು ಮಾತ್ರ. ಉಳಿದವಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಲಸಿಕೆ ಹಾಕುವ ದಿನವೇ ನಾವು ಬಿಡಿಸಿ ಹೇಳಬೇಕು. "ಭೇದಿಗೆ ಹನಿ" ಅಂತ ಸುಮ್ನೆ ಹೇಳಿ ಕಳಿಸುತ್ತೇವೆ. ಆಮೇಲೆ ಭೇದಿ ಆದಾಗ ಮನೆಯವರಿಗೆ ಮೋಸ ಹೋದಂತೆ ಅನ್ನಿಸುತ್ತದೆ. ಅದು ನಮ್ಮ ಕಡೆಯ ತಪ್ಪು, ನಿಮ್ಮದಲ್ಲ.

ಈಗ, ಅದು ರೋಟಾ ವೈರಸ್ಸೇ ಆಗಿತ್ತು ಎಂದುಕೊಳ್ಳೋಣ. ಆಗಲೂ ಲಸಿಕೆ ವ್ಯರ್ಥವಾಯಿತು ಎಂದಲ್ಲ. ಇದು ಅರ್ಥವಾಗಬೇಕಾದರೆ ವೆಲ್ಲೂರಿನಲ್ಲಿ ನಡೆದ ಒಂದು ಅಧ್ಯಯನದ ಕಥೆ ಹೇಳಬೇಕು.

ಈ ವೈರಸ್ಸನ್ನು 1973ರಲ್ಲಿ ಮೊದಲು ಗುರುತಿಸಿದವರು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರುತ್ ಬಿಷಪ್ ಮತ್ತು ಸಂಗಡಿಗರು. ಭೇದಿಯಿಂದ ಬಳಲುತ್ತಿದ್ದ ಮಕ್ಕಳ ಸಣ್ಣ ಕರುಳಿನ ಚೂರನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಇದು ಕಂಡಿತು. ಗಾಡಿಯ ಚಕ್ರದ ಹಾಗೆ ಕಾಣುತ್ತಿತ್ತು. ಲ್ಯಾಟಿನ್ ಭಾಷೆಯಲ್ಲಿ ಚಕ್ರಕ್ಕೆ ರೋಟಾ ಎನ್ನುತ್ತಾರೆ, ಹೆಸರು ಹಾಗೆ ಬಂತು. ಆಮೇಲೆ ಮೆಕ್ಸಿಕೋದಲ್ಲಿ ಸುಮಾರು 200 ಮಕ್ಕಳನ್ನು ಹುಟ್ಟಿದಂದಿನಿಂದ ಎರಡು ವರ್ಷ ಹಿಂಬಾಲಿಸಿ ನೋಡಿದರು. ಎರಡು ಸಲ ಸಹಜವಾಗಿ ಸೋಂಕು ತಗುಲಿದ ಮಗುವಿಗೆ ಆಮೇಲೆ ಜೋರಾದ ರೋಟಾ ಭೇದಿ ಬರಲೇ ಇಲ್ಲ. ಪೂರ್ತಿ ರಕ್ಷಣೆ. 1996ರಲ್ಲಿ ಇದು ಪ್ರಕಟವಾದಾಗ ಎಲ್ಲರಿಗೂ ಭರವಸೆ ಬಂತು. ಒಂದೆರಡು ಸೋಂಕಿನ ಕೆಲಸವನ್ನು ಲಸಿಕೆ ಮಾಡಿದರೆ ಸಾಕು, ಮುಗಿಯಿತು ಅಂದುಕೊಂಡರು.

ನಮ್ಮಲ್ಲೂ ಹಾಗೇನಾ? ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಗಗನ್‌ದೀಪ್ ಕಾಂಗ್ ಮತ್ತು ತಂಡದವರು ಊರಿನ ಬಡ ಬಡಾವಣೆಗಳಲ್ಲಿ ಹುಟ್ಟಿದ ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿದರು. ಭೇದಿ ಇರಲಿ ಬಿಡಲಿ, ಎರಡು ವಾರಕ್ಕೊಮ್ಮೆ ಮಲದ ಮಾದರಿ ಸಂಗ್ರಹಿಸಿದರು. ಭೇದಿ ಆದಾಗ ಮತ್ತೆ ಬೇರೆ. ಮೂರು ವರ್ಷ ಪೂರ್ತಿ ಉಳಿದವರು 373 ಮಕ್ಕಳು. ಎಂಥ ತಾಳ್ಮೆಯ ಕೆಲಸ ಯೋಚಿಸಿ. ಮನೆಮನೆಗೆ ಹೋಗುವ ಹೆಣ್ಣುಮಕ್ಕಳು, ಬಾಗಿಲು ತೆರೆದು ಒಳಗೆ ಕರೆಯುವ ತಾಯಂದಿರು, ಡಬ್ಬಿಗೆ ಚೀಟಿ ಅಂಟಿಸುವವರು. ವಿಜ್ಞಾನ ಅಂದರೆ ಜನ ಲ್ಯಾಬು, ಬಿಳಿ ಕೋಟು ಅಂದುಕೊಳ್ಳುತ್ತಾರೆ. ಈ ವಿಷಯದಲ್ಲಿ ಬಹುಪಾಲು ವಿಜ್ಞಾನ ನಡೆದದ್ದು ಓಣಿಯಲ್ಲಿ.

2011ರಲ್ಲಿ ಬಂದ ಫಲಿತಾಂಶ ಮೆಕ್ಸಿಕೋದ್ದಕ್ಕಿಂತ ಪೂರ್ತಿ ಬೇರೆ. ಆರು ತಿಂಗಳು ತುಂಬುವುದರೊಳಗೇ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಸೋಂಕು ತಗುಲಿ ಆಗಿತ್ತು. ಮತ್ತೆ ಮತ್ತೆ ಸೋಂಕು ಬರುತ್ತಿತ್ತು. ಮೂರು ಸಲ ಸೋಂಕಾದ ಮೇಲೂ ಜೋರಾದ ಕಾಯಿಲೆಯಿಂದ ಸಿಕ್ಕ ರಕ್ಷಣೆ ಶೇ. 79 ಮಾತ್ರ.

ಇಲ್ಲಿ ಸ್ವಲ್ಪ ನಿಂತು ನೋಡಿ. ನಿಜವಾದ ವೈರಸ್ಸೇ ಮೂರು ಸಲ ಮೈಗೆ ಬಂದು ಹೋದರೂ ನಮ್ಮ ಮಕ್ಕಳಿಗೆ ನೂರಕ್ಕೆ ನೂರು ರಕ್ಷಣೆ ಸಿಗುವುದಿಲ್ಲ. ಹಾಗಿರುವಾಗ ಮೂರು ಸಲ ಹಾಕುವ ಹನಿ ಅದಕ್ಕಿಂತ ಜಾಸ್ತಿ ಮಾಡಲಿ ಎಂದು ಕೇಳುವುದು ಹೇಗೆ? ನಮ್ಮ ದೇಶದ ರೋಟಾವ್ಯಾಕ್ ಲಸಿಕೆಯನ್ನು ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಕೂಸುಗಳ ಮೇಲೆ ಪರೀಕ್ಷಿಸಿದರು. 2014ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಜೋರಾದ ರೋಟಾ ಭೇದಿ ಸುಮಾರು ಶೇ. 54ರಷ್ಟು ಕಡಿಮೆಯಾಯಿತು. ಅಂದರೆ, ಲಸಿಕೆ ಇಲ್ಲದಿದ್ದರೆ 100 ಮಕ್ಕಳು ಜೋರು ಭೇದಿಗೆ ಬೀಳುತ್ತಿದ್ದ ಕಡೆ, ಲಸಿಕೆ ಇದ್ದರೆ 46 ಮಕ್ಕಳು ಬೀಳುತ್ತಾರೆ. ನಿಮ್ಮ ಮಗ ಆ 46ರಲ್ಲಿ ಒಬ್ಬನಾಗಿರಬಹುದು. ಉಳಿದ 54 ಮಕ್ಕಳ ಮನೆಯವರು ನನಗೆ ಪತ್ರ ಬರೆಯುವುದಿಲ್ಲ. ಅವರಿಗೆ ಏನೂ ಆಗಲಿಲ್ಲವಲ್ಲ.

ನಮ್ಮಲ್ಲಿ ಯಾಕೆ ರಕ್ಷಣೆ ಕಡಿಮೆ? ಇದರ ಮೇಲೆ ತುಂಬ ಕೆಲಸ ನಡೆದಿದೆ. ತಾಯಿಯ ರಕ್ತದಿಂದ ಮಗುವಿಗೆ ಬಂದ ಪ್ರತಿಕಾಯಗಳು ಹನಿಯಲ್ಲಿರುವ ಜೀವಂತ ವೈರಸ್ಸನ್ನು ಸ್ವಲ್ಪ ತಡೆಯುತ್ತವೆ. ಕೊಳಕು ನೀರು, ಕೊಳಕು ನೆಲದ ನಡುವೆ ಬೆಳೆಯುವ ಮಕ್ಕಳ ಕರುಳು ಯಾವಾಗಲೂ ಸ್ವಲ್ಪ ಊದಿಕೊಂಡೇ ಇರುತ್ತದೆ. ಅದರಲ್ಲಿ ಬೇರೆ ವೈರಸ್‌ಗಳೂ ತುಂಬಿರುತ್ತವೆ. ಬಾಯಿಗೆ ಹಾಕುವ ಪೋಲಿಯೋ ಹನಿಯೂ ಹೀಗೇ ಯುರೋಪಿಗಿಂತ ನಮ್ಮಲ್ಲಿ ಕಡಿಮೆ ಕೆಲಸ ಮಾಡುತ್ತಿತ್ತು. ಅದಕ್ಕೇ ನಾವು ಅಷ್ಟೊಂದು ಸಲ ಹಾಕಬೇಕಾಯಿತು. ಮತ್ತೆ, ಹನಿಯ ಮುಂಚೆ ಎದೆಹಾಲು ಕೊಡಬಾರದು ಎಂಬ ಮಾತು ಕೇಳಿರಬಹುದು. ದೆಹಲಿ, ದಕ್ಷಿಣ ಆಫ್ರಿಕಾ, ಪಾಕಿಸ್ತಾನಗಳಲ್ಲಿ ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. ಹಾಲು ನಿಲ್ಲಿಸಿದ್ದರಿಂದ ಯಾವ ಲಾಭವೂ ಆಗಲಿಲ್ಲ. ಮಗು ಅತ್ತರೆ ಧಾರಾಳವಾಗಿ ಹಾಲು ಕೊಡಿ.

ಅರ್ಧ ರಕ್ಷಣೆ ಕಡಿಮೆ ಅನ್ನಿಸಬಹುದು. ಆದರೆ ಯಾವುದರ ಅರ್ಧ ಎಂದು ನೋಡಬೇಕು. ಲಸಿಕೆ ಬರುವ ಮುಂಚೆ, ನಮ್ಮ ದೇಶದಲ್ಲಿ ವರ್ಷಕ್ಕೆ ಐದು ವರ್ಷದೊಳಗಿನ ಸುಮಾರು 8.7 ಲಕ್ಷ ಮಕ್ಕಳು ರೋಟಾ ವೈರಸ್ಸಿನಿಂದ ಆಸ್ಪತ್ರೆ ಸೇರುತ್ತಿದ್ದರು, ಸುಮಾರು 78 ಸಾವಿರ ಮಕ್ಕಳು ಸಾಯುತ್ತಿದ್ದರು ಎಂಬ ಅಂದಾಜಿದೆ. ಲಸಿಕೆ ಬರುವ ಮುಂಚಿನ ಅಮೆರಿಕದಲ್ಲಿ? ಅಲ್ಲೂ ಹೆಚ್ಚುಕಡಿಮೆ ಪ್ರತಿಯೊಂದು ಮಗುವಿಗೂ ಐದು ವರ್ಷದೊಳಗೆ ಈ ವೈರಸ್ ತಗುಲುತ್ತಿತ್ತು. ವರ್ಷಕ್ಕೆ 55ರಿಂದ 70 ಸಾವಿರ ಮಕ್ಕಳು ಆಸ್ಪತ್ರೆ ಸೇರುತ್ತಿದ್ದರು. ಸಾಯುತ್ತಿದ್ದವರು ಇಡೀ ದೇಶದಲ್ಲಿ 20ರಿಂದ 60 ಮಕ್ಕಳು. ವೈರಸ್ ಒಂದೇ. ಸಾವು ಒಂದೇ ಅಲ್ಲ. ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ಮೊದಲ ಸಲ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಈಗಲೂ ಪಾಠ ಹೇಳುವಾಗ ಅಲ್ಲಿ ನನ್ನ ದನಿ ಕಟ್ಟುತ್ತದೆ.

ಲಸಿಕೆ ಬಂದ ಮೇಲೆ ಬದಲಾವಣೆ ಆಗಿದೆಯೇ? ಆಗಿದೆ. 2016ರಲ್ಲಿ ಹಿಮಾಚಲ ಪ್ರದೇಶ, ಹರಿಯಾಣ, ಒಡಿಶಾ, ಆಂಧ್ರ ಪ್ರದೇಶಗಳಲ್ಲಿ ಶುರುವಾಗಿ 2019ರ ಹೊತ್ತಿಗೆ ನಮ್ಮ ಕರ್ನಾಟಕವೂ ಸೇರಿ ದೇಶದ ತುಂಬ ಇದು ಉಚಿತವಾಗಿ ಸಿಗತೊಡಗಿತು. 2016ರಿಂದ 2020ರವರೆಗೆ 9 ರಾಜ್ಯಗಳ 31 ಆಸ್ಪತ್ರೆಗಳಲ್ಲಿ ಲೆಕ್ಕ ಇಟ್ಟರು. ಭೇದಿಯಿಂದ ದಾಖಲಾದ ಮಕ್ಕಳಲ್ಲಿ ರೋಟಾ ವೈರಸ್ ಇರುವವರು ಸುಮಾರು ಶೇ. 40 ಇದ್ದದ್ದು ಸುಮಾರು ಶೇ. 20ಕ್ಕೆ ಇಳಿಯಿತು. ಪರೀಕ್ಷೆಯಲ್ಲಿ ಕಂಡ ರಕ್ಷಣೆ ಹಳ್ಳಿ, ಪೇಟೆಗಳ ನಿಜವಾದ ಬದುಕಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಸಿಕ್ಕಿತು. ಇದು ಅಪರೂಪ. ಹೆಚ್ಚಿನ ಸಲ ಪರೀಕ್ಷೆಯ ಅಂಕಿ ಊರಿಗೆ ಬರುವಾಗ ಸೊರಗುತ್ತದೆ.

ಈ ಹನಿ ಎಲ್ಲಿಂದ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ. 1980ರ ದಶಕದ ನಡುವೆ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಮಹಾರಾಜ್ ಕಿಶನ್ ಭಾನ್ ಎಂಬ ಮಕ್ಕಳ ತಜ್ಞರು ಒಂದು ವಿಚಿತ್ರ ಗಮನಿಸಿದರು. ಹಸುಗೂಸುಗಳ ಮಲದಲ್ಲಿ ರೋಟಾ ವೈರಸ್ ಇದೆ, ಆದರೆ ಕೂಸುಗಳಿಗೆ ಭೇದಿ ಇಲ್ಲ. ಆ ಕೂಸುಗಳು ಮುಂದೆ ಜೋರಾದ ರೋಟಾ ಭೇದಿಯಿಂದ ತಪ್ಪಿಸಿಕೊಂಡವು. ಅದು ದನದ ವೈರಸ್ಸಿನ ಒಂದು ಜೀನ್ ಬೆರೆತ, ಸಾಧುವಾದ ಮನುಷ್ಯ ವೈರಸ್. ಅದೇ ಕಾಲಕ್ಕೆ ನಮ್ಮ ಬೆಂಗಳೂರಿನಲ್ಲೂ ಇಂಥದ್ದೇ ಸಿಕ್ಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ತಂಡದವರು ಇಲ್ಲಿನ ಹಸುಗೂಸುಗಳಲ್ಲಿ ಗುರುತಿಸಿದ ವೈರಸ್ ಅದು. ಬಹುಪಾಲು ದನದ್ದು, ಮನುಷ್ಯನದು ಬರೀ ಎರಡು ಜೀನ್. ದೆಹಲಿಯದಕ್ಕೆ 116ಇ, ಬೆಂಗಳೂರಿನದಕ್ಕೆ ಐ321 ಎಂದು ಹೆಸರು. ಎರಡನ್ನೂ ಲಸಿಕೆಗಾಗಿ ಪರೀಕ್ಷಿಸಿದರು. ದೆಹಲಿಯದು ಮಕ್ಕಳಲ್ಲಿ ಜಾಸ್ತಿ ಪ್ರತಿಕಾಯ ಹುಟ್ಟಿಸಿತು, ಅದೇ ಮುಂದೆ ಹೋಯಿತು. ಹೈದರಾಬಾದಿನ ಭಾರತ್ ಬಯೋಟೆಕ್ ಅದನ್ನು ರೋಟಾವ್ಯಾಕ್ ಆಗಿ ತಯಾರಿಸಿತು. ಬೆಂಗಳೂರಿನದು ಲಸಿಕೆ ಆಗಲಿಲ್ಲ. ಆದರೂ ನನಗೆ ಆ ಕೆಲಸದ ಬಗ್ಗೆ ಗೌರವ ಜಾಸ್ತಿ. ಎರಡು ದಾರಿ ಇದ್ದದ್ದರಿಂದಲೇ ಒಳ್ಳೆಯದನ್ನು ಆರಿಸಲು ಆಯಿತು. ಪುಣೆಯ ಸೀರಂ ಸಂಸ್ಥೆಯ ರೋಟಾಸಿಲ್ ಕೂಡ ಸರ್ಕಾರಿ ಕಾರ್ಯಕ್ರಮದಲ್ಲಿದೆ. ಯಾವುದು ಹಾಕಿದರೂ ಸರಿ, ಮೂರೂ ಸಲ ಆಗಬೇಕು ಅಷ್ಟೇ.

ಇನ್ನು ನಿಮ್ಮ ಅತ್ತೆಯವರ ಮಾತು. ಅವರ ಮೇಲೆ ಬೇಸರ ಬೇಡ. ಅವರು ಕಂಡದ್ದು ನಿಜವೇ. ಹಲ್ಲು ಬರುವ ಕಾಲದಲ್ಲೇ ಭೇದಿ ಜಾಸ್ತಿ. ಆದರೆ ಕಾರಣ ಹಲ್ಲಲ್ಲ. ಆರು ತಿಂಗಳ ಮೇಲೆ ಮಗು ಅಂಬೆಗಾಲಿಡುತ್ತದೆ. ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ರಾಗಿ ಸರಿ, ಅನ್ನ, ಹೊರಗಿನ ನೀರು ಶುರುವಾಗುತ್ತದೆ. ತಾಯಿಯಿಂದ ಬಂದ ರಕ್ಷಣೆ ಕರಗುತ್ತದೆ. ಇಷ್ಟೂ ಒಟ್ಟಿಗೆ ಆಗುವ ವಯಸ್ಸಿನಲ್ಲೇ ಹಲ್ಲೂ ಹುಟ್ಟುತ್ತದೆ. ಇನ್ನೊಂದು ವಿಷಯ, ಬಹಳ ಮನೆಗಳಲ್ಲಿ ಕೂಸಿನ ಕಕ್ಕದಲ್ಲಿ ದೋಷವಿಲ್ಲ ಎಂದು ಚರಂಡಿಗೋ ಹಿತ್ತಲಿಗೋ ಎಸೆಯುತ್ತಾರೆ. ರೋಟಾ ಭೇದಿಯಾದ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರಾರು ಕೋಟಿ ವೈರಸ್ ಇರುತ್ತವೆ. ಇನ್ನೊಂದು ಮಗುವಿಗೆ ತಗುಲಲು ನೂರು ಸಾಕು. ಅದನ್ನು ಶೌಚಾಲಯಕ್ಕೇ ಹಾಕಿ, ಸೋಪಿನಲ್ಲಿ ಕೈ ತೊಳೆಯಿರಿ. "ಹಲ್ಲಿನ ಭೇದಿ" ಎಂದು ಸುಮ್ಮನೆ ಕೂರುವುದು ಮಾತ್ರ ಬೇಡ. ಹಾಗೆ ಕೂತು ತಡವಾಗಿ ಬಂದ ಮಕ್ಕಳನ್ನು ನಾನು ನೋಡಿದ್ದೇನೆ.

ಈಗ ನನಗೆ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಓಆರ್‌ಎಸ್.

ನಿಮ್ಮ ಎರಡು ಅನುಭವಗಳಲ್ಲಿ ಎರಡನೆಯದು ಸರಿ. ವೈರಸ್ಸಿನ ಭೇದಿಗೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಮಲದಲ್ಲಿ ರಕ್ತ ಬಿದ್ದರೆ, ಅಂದರೆ ಆಮಶಂಕೆ ಆದರೆ, ಕಾಲರಾ ಅನುಮಾನ ಇದ್ದರೆ, ಆಗ ಬೇಕಾಗಬಹುದು. ನೀರು ನೀರಾಗಿ ಹೋಗುವ ಮಾಮೂಲಿ ಭೇದಿಗೆ ಬೇಡ. ಭಾರತವೂ ಸೇರಿ ಏಳು ದೇಶಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಅಜಿತ್ರೋಮೈಸಿನ್ ಅಥವಾ ಬರೀ ತೋರಿಕೆಯ ಔಷಧಿ ಕೊಟ್ಟು ನೋಡಿದ ದೊಡ್ಡ ಪರೀಕ್ಷೆಯೊಂದು 2021ರಲ್ಲಿ ಪ್ರಕಟವಾಯಿತು. ನೀರು ಭೇದಿಯ ಜೊತೆ ನಿರ್ಜಲತೆ ಅಥವಾ ಅಪೌಷ್ಟಿಕತೆ ಇದ್ದ ಮಕ್ಕಳು ಇವರು. ಅಂಥವರಲ್ಲೂ ಆ ಔಷಧಿಯಿಂದ ಸಾವು ಕಡಿಮೆಯಾಗಲಿಲ್ಲ.

ರೋಟಾ ವೈರಸ್ ಸಣ್ಣ ಕರುಳಿನ ಒಳಗೋಡೆಯ ಮೇಲಿರುವ ಸಣ್ಣ ಸಣ್ಣ ಕುಚ್ಚುಗಳ ತುದಿಯನ್ನು ಹಾಳುಮಾಡುತ್ತದೆ. ನೀರು, ಉಪ್ಪು ಹೀರಿಕೊಳ್ಳುವ ಕೆಲಸ ಆ ತುದಿಗಳದ್ದು. ಜೊತೆಗೆ ವೈರಸ್ಸಿನ ಒಂದು ಪ್ರೋಟೀನ್ ಕರುಳಿನಿಂದ ನೀರು ಹೊರಗೆ ಸುರಿಯುವಂತೆ ಮಾಡುತ್ತದೆ. ಕೆಲವು ದಿನಗಳಲ್ಲಿ ಕುಚ್ಚುಗಳು ತಾವಾಗಿಯೇ ಮತ್ತೆ ಬೆಳೆಯುತ್ತವೆ. ಕಾಯಿಲೆ ತಾನಾಗಿಯೇ ವಾಸಿಯಾಗುತ್ತದೆ. ಮಗು ಸಾಯುವುದು ವೈರಸ್ಸಿನಿಂದಲ್ಲ, ಆ ಕೆಲವು ದಿನಗಳಲ್ಲಿ ಮೈಯಿಂದ ಹೋದ ನೀರು-ಉಪ್ಪಿನಿಂದ. ಆ ದಿನಗಳನ್ನು ದಾಟಿಸಬೇಕು, ಅಷ್ಟೇ ಚಿಕಿತ್ಸೆ. ಕರುಳಿನಲ್ಲಿ ಒಂದು ಪುಟ್ಟ ಬಾಗಿಲಿದೆ. ಸಕ್ಕರೆಯ ಅಂಶವಾದ ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಯಾಗಿ ಬಂದರೆ ಮಾತ್ರ ಅದು ತೆರೆಯುತ್ತದೆ. ಅವೆರಡರ ಹಿಂದೆ ನೀರೂ ಒಳಗೆ ಬರುತ್ತದೆ. ಭೇದಿಯ ನಡುವೆಯೂ ಆ ಬಾಗಿಲು ಸಾಕಷ್ಟು ಕೆಲಸ ಮಾಡುತ್ತಿರುತ್ತದೆ. ಓಆರ್‌ಎಸ್ ಅಂದರೆ ಆ ಬಾಗಿಲಿಗೆ ಸರಿಯಾದ ಅಳತೆಯ ಬೀಗದ ಕೈ.

ಅಳತೆ ಅಂದೆ. ಅದಕ್ಕೇ ಒತ್ತಿ ಹೇಳುತ್ತೇನೆ: 1 ಲೀಟರ್ ಪೊಟ್ಟಣ ಆದರೆ ಪೂರ್ತಿ ಪೊಟ್ಟಣ, ಪೂರ್ತಿ 1 ಲೀಟರ್ ಕುಡಿಯುವ ನೀರಿಗೆ. 200 ಮಿಲಿಯ ಸಣ್ಣ ಪೊಟ್ಟಣ ಆದರೆ 200 ಮಿಲಿಗೆ. ಒಂದು ಲೋಟಕ್ಕೆ ದೊಡ್ಡ ಪೊಟ್ಟಣ ಸುರಿದು ಕುಡಿಸಿದರೆ ಉಪ್ಪು ಜಾಸ್ತಿಯಾಗಿ ಮಗುವಿನ ತಲೆಗೆ ಏರುತ್ತದೆ, ಫಿಟ್ಸ್ ಬರಬಹುದು. "ಸ್ವಲ್ಪ ಸ್ವಲ್ಪ ಪುಡಿ" ಹಾಕುವುದೂ ತಪ್ಪು. ಕಲಸಿದ್ದು 24 ಗಂಟೆ ಆದ ಮೇಲೆ ಚೆಲ್ಲಿ.

ಈ ಬಾಗಿಲಿನ ಶಕ್ತಿ ಲೋಕಕ್ಕೆ ಕಂಡದ್ದು 1971ರಲ್ಲಿ, ಪಶ್ಚಿಮ ಬಂಗಾಳದ ಬನ್‌ಗಾಂವ್‌ನ ನಿರಾಶ್ರಿತರ ನಡುವೆ. ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ಜನರಲ್ಲಿ ಕಾಲರಾ ಹಬ್ಬಿತ್ತು. ಡ್ರಿಪ್ ಬಾಟಲಿ ಮುಗಿಯುತ್ತ ಬಂದವು. ದಿಲೀಪ್ ಮಹಾಲನಬಿಸ್ ಎಂಬ ವೈದ್ಯರು ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸಾವಿನ ಪ್ರಮಾಣ ಶೇ. 30ರಿಂದ ಶೇ. 3.6ಕ್ಕೆ ಇಳಿಯಿತು. ಕುಡಿಸಿದವರು ನರ್ಸುಗಳಲ್ಲ, ಅಮ್ಮಂದಿರು, ಅಣ್ಣಂದಿರು, ಗಂಡಂದಿರು. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಬಂತು. ಅವರು ಬದುಕಿದ್ದಾಗ ಬಂದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಇಷ್ಟು ಅಗ್ಗದ, ಇಷ್ಟು ಗಟ್ಟಿಯಾದ ಔಷಧಿ ಇದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕವರು ಶೇ. 60.6. ಜಿಂಕ್ ಸಿಕ್ಕವರು ಶೇ. 30.5 ಮಾತ್ರ. ಯಾಕೆ ಹೀಗೆ? ಇದಕ್ಕೆ ಉತ್ತರ ಹುಡುಕಿದ ಒಂದು ಅಧ್ಯಯನ ನಡೆದದ್ದು ನಮ್ಮ ಕರ್ನಾಟಕದಲ್ಲೇ, ಜೊತೆಗೆ ಬಿಹಾರದಲ್ಲಿ. 2024ರಲ್ಲಿ ಪ್ರಕಟವಾಯಿತು. ಎರಡೂ ರಾಜ್ಯಗಳ 253 ಪಟ್ಟಣಗಳಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಕ್ಲಿನಿಕ್ಕುಗಳಿಗೆ ತರಬೇತಿ ಪಡೆದವರನ್ನು ರೋಗಿಯ ಮನೆಯವರಂತೆ ಕಳಿಸಿದರು. ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿ ಆಗುತ್ತಿದೆ ಎಂದು ಅವರು ಹೇಳುತ್ತಿದ್ದರು. ಕೆಲವರು ಓಆರ್‌ಎಸ್ ಬೇಕು ಎಂಬಂತೆ ಮಾತಾಡಿದರು, ಕೆಲವರು ಆಂಟಿಬಯೋಟಿಕ್ ಬೇಕು ಎಂಬಂತೆ, ಕೆಲವರು ಏನೂ ಹೇಳಲಿಲ್ಲ. ಕೆಲವು ಕ್ಲಿನಿಕ್ಕುಗಳಿಗೆ ಓಆರ್‌ಎಸ್ ಪೊಟ್ಟಣಗಳನ್ನೂ ಮೊದಲೇ ಒದಗಿಸಿದ್ದರು.

ನಾನು ಅಂದುಕೊಂಡಿದ್ದೆ, ದುಡ್ಡೇ ಕಾರಣ ಇರಬೇಕು, ಆಂಟಿಬಯೋಟಿಕ್ ಮಾರಿದರೆ ಲಾಭ ಜಾಸ್ತಿ ಅಂತ. ಓಆರ್‌ಎಸ್ ಕೊಡದಿರುವುದಕ್ಕೆ ಇರುವ ಕಾರಣಗಳಲ್ಲಿ ಅದರ ಪಾಲು ಶೇ. 5 ಮಾತ್ರ. ಪೊಟ್ಟಣ ಇಲ್ಲದಿರುವುದರ ಪಾಲು ಶೇ. 6. ಎಲ್ಲಕ್ಕಿಂತ ದೊಡ್ಡ ಪಾಲು, ಶೇ. 42, "ಬಂದವರಿಗೆ ಓಆರ್‌ಎಸ್ ಬೇಕಿಲ್ಲ, ಏನಾದರೂ ಗಟ್ಟಿ ಔಷಧಿಯೇ ಬೇಕು" ಎಂದು ಚಿಕಿತ್ಸೆ ಕೊಡುವವರು ಅಂದುಕೊಂಡದ್ದು. ಓಆರ್‌ಎಸ್ ಬೇಕು ಎಂದು ತೋರಿಸಿಕೊಂಡವರಿಗೆ ಅದನ್ನು ಬರೆದುಕೊಡುವುದು ಎದ್ದು ಕಾಣುವಷ್ಟು ಹೆಚ್ಚಾಯಿತು.

ನಿಮ್ಮ ಮೊದಲ ಕ್ಲಿನಿಕ್‌ನಲ್ಲೂ ಬಹುಶಃ ಇದೇ ನಡೆದಿರಬಹುದು. ಅವರು ನಿಮ್ಮ ಮುಖ ನೋಡಿ, "ಬರೀ ಉಪ್ಪು-ಸಕ್ಕರೆ ನೀರು ಕೊಟ್ಟರೆ ಇವರಿಗೆ ಸಮಾಧಾನ ಆಗಲ್ಲ" ಎಂದುಕೊಂಡರು. ನೀವು, ಅವರು ಹೇಳದೆ ನಾವು ಕೇಳುವುದು ಹೇಗೆ ಎಂದು ಸುಮ್ಮನಿದ್ದಿರಿ. ನಡುವೆ ಮಗು ಒಣಗಿತು. ದಯವಿಟ್ಟು ಮುಂದಿನ ಸಲ ಬಾಯಿಬಿಟ್ಟು ಕೇಳಿ: "ಡಾಕ್ಟ್ರೇ, ಓಆರ್‌ಎಸ್ಸು, ಜಿಂಕು ಬರೆದುಕೊಡಿ. ಆಂಟಿಬಯೋಟಿಕ್ ನಿಜವಾಗಿ ಬೇಕೇ?" ಇದರಲ್ಲಿ ಅಗೌರವ ಏನೂ ಇಲ್ಲ. ನನ್ನ ಹತ್ತಿರ ಹೀಗೆ ಕೇಳುವ ತಾಯಂದಿರು ಬಂದರೆ ನನಗೆ ಖುಷಿಯಾಗುತ್ತದೆ. ಕ್ಲಿನಿಕ್ಕಿಗೆ ಹೋಗುವ ತನಕ ಕಾಯಲೂಬೇಡಿ. ಆಶಾ ಕಾರ್ಯಕರ್ತೆಯ ಹತ್ತಿರ, ಸರ್ಕಾರಿ ಆಸ್ಪತ್ರೆಯಲ್ಲಿ ಪೊಟ್ಟಣ ಉಚಿತ. ಎರಡು ಪೊಟ್ಟಣ ಮನೆಯಲ್ಲಿ ಇಟ್ಟಿರಿ.

ಮೆಡಿಕಲ್ ಶಾಪಿನಲ್ಲಿ ಕೊಳ್ಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇದೆಯೇ ನೋಡಿ. ಎಷ್ಟೋ ವರ್ಷ ಸಿಹಿ ಜ್ಯೂಸಿನ ಡಬ್ಬಿಗಳ ಮೇಲೂ ಓಆರ್‌ಎಸ್ ಎಂದು ಬರೆದು ಮಾರಿದರು. ಅವುಗಳಲ್ಲಿ ಸಕ್ಕರೆ ವಿಪರೀತ, ಉಪ್ಪು ಕಡಿಮೆ. ಕುಡಿಸಿದರೆ ಭೇದಿ ಇನ್ನೂ ಜಾಸ್ತಿಯಾಗುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸುವಂತಿಲ್ಲ ಎಂದು ಆದೇಶಿಸಿತು. ಒಬ್ಬ ವೈದ್ಯೆಯ ಹಟಕ್ಕೆ ಇಡೀ ದೇಶದ ಮಕ್ಕಳು ಋಣಿ.

ಕುಡಿಸುವುದು ಹೇಗೆ? ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿ ಆದ ಮೇಲೆ 50ರಿಂದ 100 ಮಿಲಿ. ಲೋಟ ಎತ್ತಿ ಬಾಯಿಗೆ ಸುರಿದರೆ ವಾಂತಿ ಆಗುತ್ತದೆ. ಚಮಚದಲ್ಲಿ, ನಿಮಿಷಕ್ಕೊಂದು ಚಮಚದಂತೆ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ, ಇನ್ನೂ ನಿಧಾನವಾಗಿ. ಇದು ಕೈ ಸೋಲುವ ಕೆಲಸ. ಅಜ್ಜಿ, ಅಪ್ಪ, ಚಿಕ್ಕಮ್ಮ ಎಲ್ಲರೂ ಸರದಿಯಲ್ಲಿ ಕೂರಬೇಕು. ಇಲ್ಲಿ ನಿಮ್ಮ ಅತ್ತೆಯವರ ತಾಳ್ಮೆ ತುಂಬ ಉಪಯೋಗಕ್ಕೆ ಬರುತ್ತದೆ. ಎದೆಹಾಲು ನಿಲ್ಲಿಸಬೇಡಿ. ಗಂಜಿ ತಿಳಿ, ಮಜ್ಜಿಗೆ, ಮೆತ್ತಗಿನ ಅನ್ನ ಕೊಡಿ. "ಹೊಟ್ಟೆಗೆ ರೆಸ್ಟ್" ಎಂದು ಉಪವಾಸ ಕೆಡವಬೇಡಿ. ಭೇದಿ ನಿಲ್ಲಿಸುವ ಮಾತ್ರೆ ಮಕ್ಕಳಿಗೆ ಬೇಡವೇ ಬೇಡ.

ಜಿಂಕ್ 14 ದಿನ. ಭೇದಿ ನಾಲ್ಕನೇ ದಿನಕ್ಕೆ ನಿಂತಿತು ಎಂದು ಜಿಂಕನ್ನೂ ನಿಲ್ಲಿಸುತ್ತಾರೆ. ಪೂರ್ತಿ ಕೊಟ್ಟರೆ ಮುಂದಿನ ಕೆಲವು ತಿಂಗಳು ಮತ್ತೆ ಭೇದಿ ಬರುವುದು ಕಡಿಮೆ. ಪ್ರಮಾಣವನ್ನು ನಿಮ್ಮ ವೈದ್ಯರು ಬರೆದಂತೆ ಕೊಡಿ.

ಭೇದಿ ನಿಂತ ಮೇಲಿನ ದಿನಗಳನ್ನೂ ಮರೆಯಬಾರದು. ಕೋಲ್ಕತ್ತ, ಕರಾಚಿ, ಬಾಂಗ್ಲಾದೇಶದ ಮಿರ್ಜಾಪುರ ಮತ್ತು ಆಫ್ರಿಕಾದ ನಾಲ್ಕು ಕಡೆ ನಡೆದ ದೊಡ್ಡ ಅಧ್ಯಯನವೊಂದು 2013ರಲ್ಲಿ ಬಂತು. ಜೋರಾದ ಭೇದಿಯಾದ ಮಕ್ಕಳ ಮನೆಗೆ ಸುಮಾರು ಎರಡು ತಿಂಗಳ ನಂತರ ಹೋಗಿ ನೋಡಿದರು. ಭೇದಿ ಆಗದ ಅದೇ ವಯಸ್ಸಿನ ನೆರೆಮನೆಯ ಮಕ್ಕಳಿಗಿಂತ ಇವರಲ್ಲಿ ಸಾವು 8.5 ಪಟ್ಟು ಹೆಚ್ಚಿತ್ತು. ಬದುಕಿದವರ ಎತ್ತರವೂ ಕಡಿಮೆ ಬೆಳೆದಿತ್ತು. ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಮಗ ಆಸ್ಪತ್ರೆಯಿಂದ ಬಂದು ಒಂದು ತಿಂಗಳಾಗಿದೆ. ದಿನಕ್ಕೆ ಒಂದು ಊಟ ಜಾಸ್ತಿ ಕೊಡುತ್ತಿದ್ದೀರಾ? ಅಂಗನವಾಡಿಯಲ್ಲಿ ತೂಕ ನೋಡಿಸಿ. ತೂಕ ಏರದಿದ್ದರೆ ಮತ್ತೆ ವೈದ್ಯರಿಗೆ ತೋರಿಸಿ.

ತಕ್ಷಣ ಆಸ್ಪತ್ರೆಗೆ ಓಡಬೇಕಾದದ್ದು ಯಾವಾಗ ಎಂದರೆ: ಮಗು ಮಂಕಾಗಿ ಕಣ್ಣು ಬಿಡದಿದ್ದರೆ, ಕುಡಿಯಲು ಒಲ್ಲದಿದ್ದರೆ, ಆರು ಗಂಟೆ ಮೂತ್ರ ಮಾಡದಿದ್ದರೆ, ಕಣ್ಣು ಅಥವಾ ನೆತ್ತಿ ಗುಳಿ ಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ಹಾಗೇ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಕುಡಿಸಿದ್ದೆಲ್ಲ ವಾಂತಿಯಾದರೆ. ಎರಡು ತಿಂಗಳೊಳಗಿನ ಕೂಸಾದರೆ ಇದ್ಯಾವುದಕ್ಕೂ ಕಾಯಬೇಡಿ.

ಕೊನೆಗೆ, ಇನ್ನೊಂದು ಮಗುವಿಗೆ ಹಾಕಿಸಬೇಕೆ ಎಂದು ಕೇಳಿದ್ದೀರಿ. ಹಾಕಿಸಿ. ತಡಮಾಡದೆ 6ನೇ ವಾರಕ್ಕೇ ಶುರು ಮಾಡಿ, 10 ಮತ್ತು 14ನೇ ವಾರಕ್ಕೆ ಮುಗಿಸಿ. ವೆಲ್ಲೂರಿನಲ್ಲಿ ಕಂಡ ಹಾಗೆ ನಮ್ಮಲ್ಲಿ ವೈರಸ್ ಬೇಗ ಬರುತ್ತದೆ, ಅದಕ್ಕಿಂತ ಮೊದಲು ಹನಿ ಹೋಗಿರಬೇಕು. ಒಂದು ವರ್ಷ ತುಂಬಿದ ಮೇಲೆ ಸರ್ಕಾರಿ ಕಾರ್ಯಕ್ರಮದಲ್ಲಿ ಮೊದಲ ಡೋಸ್ ಕೊಡುವುದಿಲ್ಲ. ಕರುಳು ಕರುಳಿನೊಳಗೆ ಮಡಚಿಕೊಳ್ಳುವ ಅಪಾಯದ ಬಗ್ಗೆ ನೀವು ಎಲ್ಲಾದರೂ ಓದಿರಬಹುದು. 1998ರಲ್ಲಿ ಅಮೆರಿಕದಲ್ಲಿ ಬಂದ ಮೊದಲ ರೋಟಾ ಲಸಿಕೆಯನ್ನು ಆ ಕಾರಣಕ್ಕೇ ಮರುವರ್ಷ ಹಿಂದೆಗೆದರು. ಸುಮಾರು ಹತ್ತು ಸಾವಿರಕ್ಕೆ ಒಂದು ಮಗುವಿಗೆ ಹಾಗಾಗುತ್ತಿತ್ತು. ಆಮೇಲೆ ಅಮೆರಿಕದಲ್ಲಿ ಬಂದ ಲಸಿಕೆಗಳನ್ನು ಹತ್ತಾರು ಸಾವಿರ ಮಕ್ಕಳಲ್ಲಿ ಪರೀಕ್ಷಿಸಿಯೇ ಬಿಟ್ಟರು. ರೋಟಾವ್ಯಾಕ್ ವಿಷಯದಲ್ಲಿ ನಮ್ಮ ದೇಶದ ಹಲವು ಆಸ್ಪತ್ರೆಗಳಲ್ಲಿ ಲೆಕ್ಕ ಇಟ್ಟು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಆದರೂ ಹನಿ ಹಾಕಿಸಿದ ಮೇಲೆ ಕೂಸು ಬಿಟ್ಟು ಬಿಟ್ಟು ಕಿರುಚಿ ಅತ್ತರೆ, ಕಾಲು ಹೊಟ್ಟೆಗೆ ಎಳೆದುಕೊಂಡರೆ, ಲೋಳೆ ಬೆರೆತ ಕೆಂಪು ಮಲ ಹೋದರೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹನಿ ಹಾಕಿಸಿದ ದಿನ ಯಾವುದು ಎಂದೂ ಹೇಳಿ. ತಾಯಿ ಕಾರ್ಡು ಜೊತೆಗಿರಲಿ.